ಥಾರ್‌ಗೆ ಹಕ್ಕಿ ಎಣಿಸಲು ಹೊರಟವರಿಗೆ

ಪ್ರೀತಿಯ ಕಿರಿಯ ಗೆಳೆಯ ಗೆಳತಿಯರೇ,

ಧಾರವಾಡ, ಮೈಸೂರು, ಶಿವಮೊಗ್ಗ, ಕಲಬುರಗಿಯ ಕಾಲೇಜುಗಳಲ್ಲಿ ಜೀವಶಾಸ್ತ್ರ ಓದುತ್ತ, ಈ ಚಳಿಗಾಲಕ್ಕೆ ಜೈಸಲ್ಮೇರ್ ಕಡೆಯ ಹಕ್ಕಿ ಸಮೀಕ್ಷೆಗೆ ಬರುತ್ತೇವೆಂದು ಬರೆದಿರುವ ನಿಮಗೆಲ್ಲ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಬಹುದಿತ್ತು. ಆದರೆ ನೀವೆಲ್ಲ ಕೇಳಿರುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಗ್ರೇಟ್ ಇಂಡಿಯನ್ ಬಸ್ಟರ್ಡ್ ನೋಡಲು ಸಿಗುತ್ತದೆಯೇ? ಇದೇ ಆಸೆ ಇಟ್ಟುಕೊಂಡ ಬೇರೆಯವರಿಗೂ ಉಪಯೋಗವಾಗಲಿ ಎಂದು ಬಹಿರಂಗವಾಗಿಯೇ ಉತ್ತರಿಸುತ್ತೇನೆ.

ಸಿಗಬಹುದು, ಸಿಗದೆಯೂ ಇರಬಹುದು. ನಮ್ಮ ಬಳ್ಳಾರಿ ಸೀಮೆಯಲ್ಲಿ ಎರೆಭೂತ ಎಂದು ಕರೆಯುತ್ತಿದ್ದ, ರಾಜಸ್ಥಾನದವರು ಗೋಡಾವಣ್ ಎನ್ನುವ ಈ ಹಕ್ಕಿ ದೇಶದಾದ್ಯಂತ ಸುಮಾರು 1,260 ಇರಬಹುದೆಂದು 1969ರಲ್ಲಿ ಧರ್ಮಕುಮಾರಸಿಂಹಜಿ ಅಂದಾಜು ಮಾಡಿದ್ದರು. ಭಾರತೀಯ ವನ್ಯಜೀವಿ ಸಂಸ್ಥೆಯವರು 2017–18ರಲ್ಲಿ ಥಾರ್‌ನಲ್ಲಿ ಸಮೀಕ್ಷೆ ಮಾಡಿದಾಗ ಸಿಕ್ಕ ಅಂದಾಜು 128. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ: ಹತ್ತೊಂಬತ್ತು ಆಚೀಚೆ. ಪತ್ರಿಕೆಗಳು ಮೊದಲ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿ, ಎರಡನೆಯದನ್ನು ಬಿಟ್ಟುಬಿಡುತ್ತವೆ. ನೀವು ಬಂದು ದುಡಿಯಬೇಕಾದದ್ದು ಆ ಎರಡನೆಯ ಅಂಕಿಗಾಗಿ.

ಏಕೆಂದರೆ ಇಲ್ಲಿ ನೀವು ತುಂಬುವ ಹಾಳೆಗಳಲ್ಲಿ ಹೆಚ್ಚಿನವುಗಳ ಮೇಲೆ ಬಸ್ಟರ್ಡ್ ಎಂಬ ಸಾಲಿನ ಮುಂದೆ ಬರುವುದು ಸೊನ್ನೆ. ತಿಲೋರ್ ಎಂದು ಇಲ್ಲಿನವರು ಕರೆಯುವ, ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಮೆಕ್ವೀನ್ಸ್ ಬಸ್ಟರ್ಡ್‌ನ ಮುಂದೆಯೂ ಬಹುತೇಕ ಅದೇ. ಆ ಸೊನ್ನೆಯನ್ನು ಹಕ್ಕಿ ಕಂಡಾಗ ಬರೆಯುವಷ್ಟೇ ಶ್ರದ್ಧೆಯಿಂದ ಬರೆಯಬಲ್ಲಿರಾ? ನಾನು ನಿಮ್ಮಿಂದ ಕೇಳುವುದು ಇಷ್ಟನ್ನೇ. ಉಳಿದದ್ದೆಲ್ಲ ಬಂದ ಮೇಲೆ ಕಲಿಯಬಹುದು.

ಕೆಲಸ ಹೇಗೆ ನಡೆಯುತ್ತದೆಂದು ಹೇಳುತ್ತೇನೆ. ಮರುಭೂಮಿ ರಾಷ್ಟ್ರೀಯ ಉದ್ಯಾನವೇ 3,162 ಚದರ ಕಿಲೋಮೀಟರ್. ಹಕ್ಕಿ ಅದರ ಗಡಿಯೊಳಗೆ ಮಾತ್ರ ಇರುವುದಿಲ್ಲ. ರಾಮದೇವರಾ, ಪೋಖ್ರಣ್‌ವರೆಗೂ ಇದೆ. ಇಷ್ಟು ದೊಡ್ಡ ನೆಲದಲ್ಲಿ ಪ್ರತಿ ಹಕ್ಕಿಯನ್ನೂ ಕಣ್ಣಾರೆ ನೋಡಿ ಎಣಿಸುವುದು ಯಾರ ಕೈಲೂ ಆಗದ ಮಾತು. ಹಾಗಾಗಿ ನಕ್ಷೆಯನ್ನು 12 ಕಿ.ಮೀ. ಉದ್ದ, 12 ಕಿ.ಮೀ. ಅಗಲದ ಚೌಕಗಳಾಗಿ ಹಂಚಿಕೊಳ್ಳುತ್ತೇವೆ. ಒಂದೊಂದು ಚೌಕದಲ್ಲೂ ಮೊದಲೇ ಗುರುತಿಸಿದ ಕಚ್ಚಾದಾರಿಯ ಮೇಲೆ ಜೀಪು ನಿಧಾನಕ್ಕೆ ಸಾಗುತ್ತದೆ. ಒಬ್ಬರ ಕಣ್ಣು ಎಡಕ್ಕೆ, ಇನ್ನೊಬ್ಬರದು ಬಲಕ್ಕೆ. ಹಕ್ಕಿ ಕಂಡರೆ ಜೀಪು ನಿಲ್ಲಿಸಿ ದೂರ, ಕೋನ, ಸಂಖ್ಯೆ, ಸುತ್ತಲಿನ ಗಿಡಗಂಟಿ ಎಲ್ಲವನ್ನೂ ಬರೆದುಕೊಳ್ಳಬೇಕು. ಕಾಣದಿದ್ದರೂ ನಿಗದಿಯಾದ ಜಾಗಗಳಲ್ಲಿ ನಿಲ್ಲಿಸಿ ಹುಲ್ಲೆಷ್ಟು ಎತ್ತರ, ಪೊದೆಯೆಷ್ಟು, ಉಳುಮೆಯಾಗಿದೆಯೇ, ನಾಯಿಯಿದೆಯೇ, ಕುರಿ ಮೇಯುತ್ತಿದೆಯೇ, ತಂತಿ ಹಾದುಹೋಗಿದೆಯೇ ಎಂದು ಬರೆಯಬೇಕು. ಎಷ್ಟು ಕಿಲೋಮೀಟರ್ ಓಡಿ ಏನೂ ಸಿಗಲಿಲ್ಲ ಎಂಬುದು ಲೆಕ್ಕದೊಳಗೆ ಬಾರದಿದ್ದರೆ ಕಂಡ ನಾಲ್ಕು ಹಕ್ಕಿ ನಲವತ್ತಾಗಿ ಹಿಗ್ಗುತ್ತವೆ. ಹಾಗೆ ಹಿಗ್ಗಿದ ಅಂಕಿಯನ್ನು ನಂಬಿ ಸರ್ಕಾರ ನಿಶ್ಚಿಂತೆಯಿಂದ ಕೂತರೆ ಹಕ್ಕಿಗೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಸೊನ್ನೆಯಲ್ಲಿ ಎರಡು ಬಗೆ. ಹಕ್ಕಿ ಅಲ್ಲಿ ಇಲ್ಲವೇ ಇಲ್ಲ ಎಂಬ ಸೊನ್ನೆ ಒಂದು. ಇದ್ದೂ ನಮಗೆ ಕಾಣಲಿಲ್ಲ ಎಂಬ ಸೊನ್ನೆ ಇನ್ನೊಂದು. ಗಂಡು ಬಸ್ಟರ್ಡ್ ಮೀಟರ್ ಎತ್ತರ, ಹದಿನೈದು ಕಿಲೋದವರೆಗೂ ತೂಗುತ್ತದೆ. ಇಷ್ಟು ದೊಡ್ಡ ಹಕ್ಕಿ ತಪ್ಪಿಸಿಕೊಳ್ಳುವುದು ಹೇಗೆ ಎಂದು ನಿಮಗನ್ನಿಸಬಹುದು. ಸೇವಣ್ ಹುಲ್ಲಿನ ಬುಡದಲ್ಲಿ ಕುತ್ತಿಗೆ ತಗ್ಗಿಸಿ ಕೂತರೆ ನೂರು ಹೆಜ್ಜೆ ದೂರದಲ್ಲಿದ್ದರೂ ಅದು ಹುಲ್ಲೇ. ಅದಕ್ಕಾಗಿಯೇ ಒಂದೇ ಚೌಕಕ್ಕೆ ಮತ್ತೆ ಮತ್ತೆ ಹೋಗುತ್ತೇವೆ. ಮೊದಲ ಸಲ ಕಾಣದ್ದು ಎರಡನೆಯ ಸಲ ಕಂಡರೆ, ನಮ್ಮ ಕಣ್ಣು ಎಷ್ಟು ಸಲ ತಪ್ಪುತ್ತದೆ ಎಂಬುದರ ಅಂದಾಜು ಸಿಗುತ್ತದೆ. ಈ ಲೆಕ್ಕದ ದಾರಿಯನ್ನು ಮೆಕೆಂಜಿ ಮತ್ತು ಸಂಗಡಿಗರು 2002ರಲ್ಲಿ ಸ್ಪಷ್ಟವಾಗಿ ಬರೆದಿಟ್ಟರು. ಬರುವ ಮುಂಚೆ ಅವರ ಪ್ರಬಂಧ ಓದಿಕೊಂಡು ಬನ್ನಿ. ಗಣಿತ ಕಷ್ಟವೆನಿಸಿದರೂ ಹಿಂದಿನ ವಿಚಾರ ಸರಳ: ‘ನನಗೆ ಕಾಣಲಿಲ್ಲ’ ಎಂಬ ಮಾತನ್ನು ‘ಅಲ್ಲಿ ಇಲ್ಲ’ ಎಂದು ತಿರುಚಬಾರದು.

ಜನವರಿಯಲ್ಲಿ ಜೈಸಲ್ಮೇರಿನಲ್ಲಿ ಸೂರ್ಯ ಮೇಲೆ ಬರುವುದು ಏಳೂವರೆಯ ಹೊತ್ತಿಗೆ. ನಾವು ಅದಕ್ಕೂ ಮೊದಲೇ ದಾರಿಯ ಶುರುವಿನಲ್ಲಿ ನಿಂತಿರಬೇಕು. ತೆರೆದ ಜೀಪಿನ ಹಿಂದೆ ನಿಂತರೆ ಗಾಳಿ ಕಿವಿ ಕೊಯ್ಯುತ್ತದೆ, ಬೆರಳು ಮಡಚಲು ಬಾರದೆ ಪೆನ್ಸಿಲ್ ಜಾರುತ್ತದೆ. ಮೊದಲ ಬಿಸಿಲು ತಾಗಿದ ಮೇಲೆ ನೆಲಗುಬ್ಬಿಗಳು ಏಳುತ್ತವೆ. ಮರಳಿನ ಮೇಲೆ ಕೂತಿರುವಷ್ಟು ಹೊತ್ತು ಅವು ಉತ್ತ ಹೊಲದ ಹೆಂಟೆಗಳ ಹಾಗೆ, ಒಂದು ಅಲುಗುವವರೆಗೆ ಇಪ್ಪತ್ತು ಇವೆಯೆಂದು ಗೊತ್ತೇ ಆಗುವುದಿಲ್ಲ. ಈ ಹೊತ್ತಿನಲ್ಲಿ ಹೊಸಬರ ಕಣ್ಣು ಹಾರುವ ಹಿಂಡಿನ ಬೆನ್ನು ಹತ್ತುತ್ತದೆ. ಹಿಂಡು ಎಲ್ಲಿಗೆ ಹೋಗಿ ಇಳಿಯಿತೋ ಆ ಜಾಗದ ದೂರ ಅಳೆಯುತ್ತಾರೆ. ಅದು ನಮಗೆ ಬೇಡ. ನಮ್ಮಿಂದ ಬೆದರುವ ಮೊದಲು ಅವು ಎಲ್ಲಿದ್ದವೋ ಆ ಜಾಗ ಬೇಕು, ದಾರಿಯಿಂದ ಅಲ್ಲಿಗೆ ಲಂಬವಾಗಿ ಎಷ್ಟು ದೂರ ಎಂಬುದು ಬೇಕು. ದಾರಿಯಿಂದ ದೂರವಾದಂತೆ ಕಾಣುವ ಹಕ್ಕಿ ಎಷ್ಟು ಬೇಗ ಕಡಿಮೆಯಾಗುತ್ತದೆ ಎಂಬುದರ ಮೇಲೆಯೇ ಸಾಂದ್ರತೆಯ ಲೆಕ್ಕವೆಲ್ಲ ನಿಂತಿದೆ. ಹತ್ತೂವರೆ ದಾಟಿದ ಮೇಲೆ ಚಳಿಗಾಲದಲ್ಲೂ ನೆಲದ ಮೇಲೆ ಬಿಸಿಲ ಅಲೆ ಏಳುತ್ತದೆ, ದುರ್ಬೀನಿನಲ್ಲಿ ಕಲ್ಲೂ ಕುಣಿಯುತ್ತದೆ. ಆಗ ಕೆಲಸ ನಿಲ್ಲಿಸಿ ಸಂಜೆಯ ಇಳಿಬಿಸಿಲಿಗೆ ಕಾಯುವುದು ಲೇಸು.

ನೆಲಗುಬ್ಬಿಗಳನ್ನು ನೀವು ಬೇಗ ಪ್ರೀತಿಸುತ್ತೀರಿ ಎಂಬ ನಂಬಿಕೆ ನನಗಿದೆ. ಹೂಪೂ ಲಾರ್ಕ್ ಓಡಿ, ನಿಂತು, ಬಾಗಿದ ಕೊಕ್ಕಿನಿಂದ ಮರಳು ಅಗೆಯುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ನನಗೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಬಹುತೇಕರು ಗಮನಿಸದೆ ಹೋಗುವ ಸ್ಟೊಲಿಚ್ಕಾಸ್ ಬುಷ್‌ಚಾಟ್. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಫರ್ಡಿನಂಡ್ ಸ್ಟೊಲಿಚ್ಕಾ 1872ರಲ್ಲಿ ಕಛ್‌ನಿಂದ ಇದನ್ನು ಮೊದಲು ವಿವರಿಸಿದರು. ಎರಡು ವರ್ಷದ ನಂತರ ಲಡಾಖ್‌ನ ದಾರಿಯಲ್ಲಿ ತೀರಿಕೊಂಡರು. ಗುಬ್ಬಿಯಷ್ಟೇ ಹಕ್ಕಿ, ಹುಬ್ಬಿನ ಮೇಲೊಂದು ಮಸುಕು ಬಿಳಿ ಗೆರೆ. ಎಕ್ಕದ ಗಿಡದ ತುದಿಯಲ್ಲಿ ಕೂತು ನೆಲ ನೋಡುತ್ತಿರುತ್ತದೆ. ಇದ್ದಕ್ಕಿದ್ದಂತೆ ಕೆಳಗಿಳಿದು ಎದೆಯ ಗರಿಯನ್ನೆಲ್ಲ ಉಬ್ಬಿಸಿ ಮೈಯನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತದೆ. ಮರುಗಳಿಗೆ ಏನೂ ಆಗಿಲ್ಲವೆಂಬಂತೆ ಅದೇ ಗಿಡದ ತುದಿಗೆ ವಾಪಸ್. ಅವಿತ ಹುಳುವನ್ನು ಹೊರಡಿಸಲು ಹೀಗೆ ಮಾಡುತ್ತದೆ ಎಂಬುದು ಒಂದು ಊಹೆ. ಊಹೆಯನ್ನು ನಿಜ ಮಾಡುವಷ್ಟು ಹೊತ್ತು ಯಾರೂ ಅದರ ಮುಂದೆ ಕೂತಿಲ್ಲ. ನಿಮ್ಮಲ್ಲಿ ಒಬ್ಬರಾದರೂ ಕೂರಿ.

ಒಂದು ವರ್ಷ ಹಿಂಡು ಹಿಂಡಾಗಿದ್ದ ಜಾಗದಲ್ಲಿ ಮರುವರ್ಷ ಒಂದೂ ಇಲ್ಲದಿರಬಹುದು. ಇಲ್ಲಿನ ಮಳೆ ವರ್ಷಕ್ಕೆ ಇನ್ನೂರು ಮಿಲಿಮೀಟರ್‌ನೊಳಗೆ, ಅದೂ ಒಂದು ಕಡೆ ಸುರಿದರೆ ಇನ್ನೊಂದು ಕಡೆ ಇಲ್ಲ. ಮಳೆ ಬಿದ್ದಲ್ಲಿ ಸೇವಣ್ ಬೀಜ ಕಟ್ಟುತ್ತದೆ, ಸಣ್ಣ ಬೋರೆಗಿಡ ಹಣ್ಣು ಬಿಡುತ್ತದೆ, ಮಿಡತೆ ಹೆಚ್ಚುತ್ತದೆ. ಉತ್ತರದಿಂದ ಬರುವ ಶಾರ್ಟ್‌ಟೋಡ್ ಲಾರ್ಕ್‌ಗಳು ಆ ಬೀಜ ಇರುವಲ್ಲಿಗೇ ಹೋಗುತ್ತವೆ. ಹಾಗಾಗಿ ಒಂದು ಚಳಿಗಾಲದ ಸೊನ್ನೆಯಿಂದ ಯಾವ ನೆಲದ ಹಣೆಬರಹವನ್ನೂ ಬರೆಯಲಾಗದು. ಹತ್ತು ಚಳಿಗಾಲದ ಸೊನ್ನೆಗಳನ್ನು ಒಂದೇ ಕ್ರಮದಲ್ಲಿ ಬರೆದಿಟ್ಟರೆ ಆಗ ಅವು ಮಾತಾಡುತ್ತವೆ.

ಖೀಚನ್‌ಗೂ ಜೋಡಬೀಡ್‌ಗೂ ಕರೆದೊಯ್ಯಿರಿ ಎಂದು ಹಲವರು ಕೇಳಿದ್ದೀರಿ. ಖಂಡಿತ ನೋಡಿ. ಖೀಚನ್ ಊರಿನವರು ಕಾಳು ಹಾಕಿ ಸಾಕಿದ ಕುರ್ಜಾ ಕೊಕ್ಕರೆಗಳ ಸಾವಿರಗಟ್ಟಲೆ ಹಿಂಡು, 2025ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಆ ಕೆರೆ. ಬಿಕಾನೇರ್ ಹೊರವಲಯದ ಜೋಡಬೀಡ್‌ನಲ್ಲಿ ಸತ್ತ ದನ ಒಂಟೆಗಳ ಮೇಲೆ ಕವಿಯುವ ರಣಹದ್ದು, ಸ್ಟೆಪ್ಪಿ ಗಿಡುಗಗಳು. ಎರಡೂ ಮರೆಯಲಾಗದ ನೋಟ. ಆದರೆ ಅಲ್ಲಿಗೆ ಹೋಗಲು ಜೀವಶಾಸ್ತ್ರಜ್ಞರೇ ಆಗಬೇಕಿಲ್ಲ. ಯಾರೂ ಹೋಗದ ಚೌಕಗಳಿಗೆ ಹೋಗುವುದು ನಮ್ಮ ಕೆಲಸ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ವಿದ್ಯುತ್ ತಂತಿಗಳ ಕೆಳಗೆ ನಡೆಯುವ ಸರದಿ ನಿಮಗೂ ಬರುತ್ತದೆ. ಕಂಬದಿಂದ ಕಂಬಕ್ಕೆ, ತಂತಿಯ ಎರಡೂ ಬದಿಗೆ, ನೆಲ ನೋಡುತ್ತ ನಡೆಯಬೇಕು. ಇಡೀ ಹಕ್ಕಿ ಸಿಗುವುದು ಅಪರೂಪ. ಒಂದು ರೆಕ್ಕೆ, ಪೊದೆಗೆ ಸಿಕ್ಕಿಕೊಂಡ ಗರಿಯ ಗುಪ್ಪೆ, ಇರುವೆ ಮುತ್ತಿದ ಎದೆಮೂಳೆ. ಅದು ಯಾವ ಹಕ್ಕಿಯದೆಂದು ಗರಿಯಿಂದಲೇ ಗುರುತಿಸಿ, ಕಂಬದ ಸಂಖ್ಯೆ, ತಂತಿಯ ಬಗೆ, ಜಿಪಿಎಸ್ ಅಂಕಿ ಬರೆದು, ಫೋಟೊ ತೆಗೆದು ಮುಂದೆ ನಡೆಯಬೇಕು. ಮೊದಲ ದಿನ ಕೈ ನಡುಗಿದರೆ ನಾಚಿಕೆಪಡಬೇಡಿ.

ಇಲ್ಲಿ ಸೊನ್ನೆ ಬಂದರೆ ಸಮಾಧಾನಪಡುವ ಹಾಗಿಲ್ಲ. ರಾತ್ರಿ ಬಿದ್ದ ಹಕ್ಕಿಯನ್ನು ಬೆಳಗಾಗುವುದರೊಳಗೆ ನರಿಯೋ ನಾಯಿಯೋ ಎಳೆದುಕೊಂಡು ಹೋಗಿರುತ್ತದೆ. ಆದ್ದರಿಂದ ಗೊತ್ತಿರುವಷ್ಟು ಸತ್ತ ಹಕ್ಕಿಗಳನ್ನು ನಾವೇ ಇಟ್ಟು, ಎಷ್ಟು ದಿನ ಉಳಿಯುತ್ತವೆ, ಹುಡುಕುವವರ ಕಣ್ಣಿಗೆ ಅದರಲ್ಲಿ ಎಷ್ಟು ಬೀಳುತ್ತವೆ ಎಂದು ಪರೀಕ್ಷೆ ಮಾಡಿ, ಸಿಕ್ಕ ಅಂಕಿಯನ್ನು ಆ ಪ್ರಕಾರ ತಿದ್ದಬೇಕು. ಈ ಬಗೆಯ ಕೆಲಸದಿಂದಲೇ ವನ್ಯಜೀವಿ ಸಂಸ್ಥೆಯವರು ಥಾರ್‌ನ ಸುಮಾರು 4,200 ಚದರ ಕಿ.ಮೀ. ನೆಲದಲ್ಲಿ ವರ್ಷಕ್ಕೆ 84,000ದಷ್ಟು ಹಕ್ಕಿಗಳು ತಂತಿಗೆ ಬಡಿದು ಸಾಯುತ್ತಿವೆ ಎಂಬ ಅಂದಾಜಿಗೆ ಬಂದದ್ದು. ಅದರಲ್ಲಿ ಪಾರಿವಾಳ, ನೆಲಗುಬ್ಬಿ, ಹದ್ದು ಎಲ್ಲವೂ ಸೇರಿವೆ. ಬಸ್ಟರ್ಡ್ ಬೆರಳೆಣಿಕೆಯಷ್ಟು. ಆದರೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯಿಡುವ, ನೂರರ ಲೆಕ್ಕದಲ್ಲಿ ಉಳಿದಿರುವ ಹಕ್ಕಿಗೆ ಬೆರಳೆಣಿಕೆಯೇ ಸಾಕು. ಇಷ್ಟು ದೊಡ್ಡ ತಂತಿ ಹಕ್ಕಿಗೆ ಕಾಣುವುದಿಲ್ಲವೇ ಎಂದು ಊರವರೂ ಕೇಳುತ್ತಾರೆ. ಇದರ ಹತ್ತಿರದ ಬಂಧುವಾದ ಆಫ್ರಿಕಾದ ಕೋರಿ ಬಸ್ಟರ್ಡ್‌ನ ದೃಷ್ಟಿಯನ್ನು ಮಾರ್ಟಿನ್ ಮತ್ತು ಶಾ 2010ರಲ್ಲಿ ಅಳೆದಿದ್ದಾರೆ. ಕಣ್ಣುಗಳಿರುವುದು ತಲೆಯ ಪಕ್ಕಕ್ಕೆ. ಹಾರುವಾಗ ನೆಲ ನೋಡಲು ತಲೆ ಸ್ವಲ್ಪ ಬಾಗಿಸಿದರೆ ಸಾಕು, ಎದುರಿನದು ಕಾಣುವುದಿಲ್ಲ. ತಂತಿ ಹತ್ತಿರ ಬಂದಾಗ ಕಂಡರೂ ಅಷ್ಟು ಭಾರದ ಮೈಯನ್ನು ಥಟ್ಟನೆ ತಿರುಗಿಸಲಾಗದು.

ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕೆಂದು ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ, ಎಲ್ಲಿ ಎಷ್ಟು ಸಾಧ್ಯವೆಂದು ನೋಡಲು ತಜ್ಞರ ಸಮಿತಿ ರಚಿಸಿತು. ಯಾವ ಚೌಕ ಹಕ್ಕಿಗೆ ಮುಖ್ಯ, ಯಾವುದು ಅಲ್ಲ ಎಂಬ ವಾದ ಬಂದಾಗಲೆಲ್ಲ ಮೇಜಿನ ಮೇಲೆ ಬರುವುದು ನಮ್ಮ ಹಾಳೆಗಳೇ. ಬೇಸರದಲ್ಲಿ ಅರ್ಧ ದಾರಿಗೆ ಹಿಂತಿರುಗಿ, ಪೂರ್ತಿ ಹೋದೆನೆಂದು ಬರೆದ ಒಂದು ಸೊನ್ನೆ ಅಲ್ಲಿ ಏನು ಮಾಡಬಲ್ಲದು ಯೋಚಿಸಿ.

ಸೌರ ವಿದ್ಯುತ್ ಬೇಡವೆಂದು ನಾನು ಹೇಳುತ್ತಿಲ್ಲ. ರಾಜಸ್ಥಾನದ ಭಡ್ಲಾದಲ್ಲಿ 2,245 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದ್ದರೆ ನಮ್ಮ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನದು ಇದೆ. ಕಲ್ಲಿದ್ದಲಿನ ಹೊಗೆ ಕಡಿಮೆಯಾಗಲೇಬೇಕು. ನನ್ನ ತಕರಾರು ಬೇರೆ. ಸೌರ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿಯೇ ಬೇಕಿಲ್ಲ. ಸರ್ಕಾರದ ವೇಸ್ಟ್‌ಲ್ಯಾಂಡ್ ಅಟ್ಲಾಸ್‌ನಲ್ಲಿ ಮರುಭೂಮಿಯ ಮರಳು, ಕುರುಚಲು ಬಯಲು ಎಲ್ಲ ಪಾಳುಭೂಮಿಯ ಪಟ್ಟಿಯಲ್ಲೇ ಇವೆ. ಯಾರೂ ಹೋಗಿ ನೋಡದೆ ಹಾಕಿದ ಸೊನ್ನೆ ಅದು. ಮೇ ತಿಂಗಳ ಮಧ್ಯಾಹ್ನ ಒಮ್ಮೆ ಬಂದು ಹೋದವರಿಗೆ ಇಲ್ಲಿ ಏನೂ ಕಾಣದಿರುವುದು ಸಹಜ. ತಿಲೋರ್, ವೀಟಿಯರ್, ಕುರ್ಜಾ, ಗಿಡುಗ ಎಲ್ಲ ಆ ಹೊತ್ತಿಗೆ ಹಿಮಾಲಯದ ಆಚೆ ಹೋಗಿರುತ್ತವೆ. ಚಳಿಗಾಲದಲ್ಲೇ ಎಣಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಆ ನೆಲ ಪಾಳಲ್ಲವೆಂದು ಇಲ್ಲಿಯ ಜನರಿಗೆ ಯಾರೂ ಹೇಳಿಕೊಡಬೇಕಿಲ್ಲ. ದೇವರ ಹೆಸರಲ್ಲಿ ಬಿಟ್ಟ ಓರಣ್‌ಗಳಿವೆ. ಅಲ್ಲಿ ಕೊಡಲಿ ತಾಗಿಸುವುದಿಲ್ಲ, ಒಂಟೆ ಕುರಿ ಮೇಯುತ್ತವೆ, ಮಳೆನೀರಿಗೆ ತೋಡಿದ ಹೊಂಡಗಳ ದಡಕ್ಕೆ ಬೆಳಿಗ್ಗೆ ಸ್ಯಾಂಡ್‌ಗ್ರೌಸ್ ಹಿಂಡು ಇಳಿಯುತ್ತದೆ. ಅಲ್ಲಿ ನಿಂತಿರುವ ಖೇಜಡಿ ಮರ ನಿಮಗೆ ಹೊಸದಲ್ಲ, ನಮ್ಮ ಬನ್ನಿಯೇ ಅದು. ದಸರೆಯಲ್ಲಿ ಎಲೆ ಕೊಟ್ಟು ಬಂಗಾರದಂಗ ಇರೋಣ ಎನ್ನುತ್ತೇವಲ್ಲ, ಅದೇ ಮರಕ್ಕಾಗಿ 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಬಿಷ್ಣೋಯಿಗಳು 363 ಮಂದಿ ಪ್ರಾಣ ಕೊಟ್ಟರು. ದೇಗರಾಯ್ ಮಾತಾ ಓರಣ್‌ನ ಮೇಲೆ ಹೈಟೆನ್ಷನ್ ತಂತಿ ಹಾದುಹೋದಾಗ ಮೊದಲು ದನಿ ಎತ್ತಿದವರು ಅಲ್ಲಿ ಒಂಟೆ ಮೇಯಿಸುವವರು.

ಅವರೊಂದಿಗೆ ಹೇಗಿರಬೇಕೆಂದು ಹೇಳಲೇಬೇಕು. ಢಾಣಿ ಎಂಬ ಮನೆಗುಂಪಿನ ಹತ್ತಿರ ಜೀಪು ನಿಲ್ಲಿಸಿ, ಇಳಿದು, ‘ರಾಮ್ ರಾಮ್ ಸಾ’ ಎಂದು, ಕೊಟ್ಟ ಚಹಾ ಕುಡಿದು ಆಮೇಲೆ ಪ್ರಶ್ನೆ ಕೇಳಿ. ಹಕ್ಕಿ ಎಲ್ಲಿದೆ ಎಂದು ಮೊದಲೇ ಕೇಳಬೇಡಿ. ಮಳೆ ಹೇಗಿತ್ತು, ಮೇವು ಇದೆಯೇ ಎಂದು ಕೇಳಿ. ಹಕ್ಕಿಯ ಮಾತು ತಾನೇ ಬರುತ್ತದೆ. ಹೆಣ್ಣುಮಕ್ಕಳು ಹೇಗೆ ಇರುವುದು ಎಂದು ನಿಮ್ಮಲ್ಲಿ ಕೆಲವರು ಅಳುಕಿನಿಂದ ಕೇಳಿದ್ದೀರಿ. ಹೆಣ್ಣಾಗಿ ನಾನು ಹೇಳುತ್ತೇನೆ: ಗಂಡಸರನ್ನು ಹೊರಗಿನ ಮಂಚದ ಮೇಲೆ ಕೂರಿಸಿ ಕಳಿಸುವ ಮನೆಗಳು ನಮ್ಮನ್ನು ಒಲೆಯ ಪಕ್ಕ ಕೂರಿಸುತ್ತವೆ. ಸಜ್ಜೆ ರೊಟ್ಟಿ ಮೇಲೆ ತುಪ್ಪ ಸುರಿಯುತ್ತ, ಬೇರಿ ಎಂಬ ಕಿರುಬಾವಿಯ ನೀರಿಗೆ ಯಾವ ಹೊತ್ತಿಗೆ ಯಾವ ಹಕ್ಕಿ ಬರುತ್ತದೆ ಎಂದು ಹೇಳುವುದು ದಿನಾ ಅಲ್ಲಿ ಕೊಡ ತುಂಬುವ ಹೆಂಗಸರು. ಅದು ಗಂಡಸರ ತಂಡದ ಹಾಳೆಗೆ ಬಂದದ್ದನ್ನು ನಾನು ನೋಡಿಲ್ಲ.

ಬೇಡದ್ದು ಕೆಲವಿದೆ. ಫೋಟೊಗಾಗಿ ಹಕ್ಕಿಯ ಹಿಂದೆ ಜೀಪು ಓಡಿಸಬೇಡಿ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ, ಬಸ್ಟರ್ಡ್ ಕಂಡ ಜಾಗವನ್ನು ಯಾರಿಗೂ ಕಳಿಸಬೇಡಿ. ಗಡಿ ಹತ್ತಿರ, ಅನುಮತಿಪತ್ರ ಸದಾ ಜೇಬಿನಲ್ಲಿರಲಿ. ಪೋಖ್ರಣ್ ಕಡೆ ನೆಲದ ಮೇಲೆ ಬಿದ್ದ ಲೋಹದ ಚೂರು ಮುಟ್ಟಲೇಬಾರದು. ಉಣ್ಣೆ ಟೋಪಿ, ಬೆರಳು ತೆರೆದ ಕೈಗವಸು, ಪೆನ್ಸಿಲ್. ಮತ್ತೇನೂ ಕೊಳ್ಳಬೇಡಿ, ದುರ್ಬೀನು ನಾವು ಕೊಡುತ್ತೇವೆ.

ಇದೆಲ್ಲ ಕಲಿತು ನೀವು ಥಾರ್‌ನಲ್ಲೇ ಉಳಿಯಬೇಕೆಂದು ನನ್ನಾಸೆಯಲ್ಲ. ನಮ್ಮಲ್ಲೂ ಈ ಹಕ್ಕಿ ಇತ್ತು. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರಿನ 119 ಚದರ ಕಿ.ಮೀ. ಕೃಷ್ಣಮೃಗ ಅಭಯಾರಣ್ಯದಲ್ಲಿ ಬಯಲನ್ನು ನೀಲಗಿರಿ ನೆಡುತೋಪು ನುಂಗಿತು, ಎರೆಭೂತ ಮರೆಯಾಯಿತು. ಸಿರುಗುಪ್ಪದ ಎರೆಹೊಲಗಳಲ್ಲಿ ಕೆಲವೇ ಕೆಲವು ಕಾಣಿಸಿಕೊಂಡಿವೆ. ಜೋಳ, ಕಡಲೆ, ಹತ್ತಿಯ ಒಣಬೇಸಾಯ ಇರುವವರೆಗೆ ಅವಕ್ಕೆ ಅಲ್ಲಿ ಜಾಗ. ಕಾಲುವೆ ನೀರು ಬಂದು ಗದ್ದೆಯಾದಲ್ಲಿ ಇಲ್ಲ. ಹಕ್ಕಿ ಕಂಡ ದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಕಾಣದ ದಿನಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಆ ದಿನಗಳನ್ನು ಬರೆಯುವವರು ಬೇಕು. ಫೆಬ್ರವರಿ ಮುಗಿದು ಇಲ್ಲಿಂದ ಹೊರಡುವಾಗ ಇದೇ ಚೌಕ, ಇದೇ ಹಾಳೆ, ಇದೇ ಕ್ರಮವನ್ನು ಸಿರುಗುಪ್ಪಕ್ಕೆ ಒಯ್ಯಲು ಯಾರು ತಯಾರೋ ಅವರನ್ನೇ ಮೊದಲು ಆರಿಸಿಕೊಳ್ಳುತ್ತೇನೆ.

ಬರುವ ಮನಸ್ಸಿದ್ದವರು ಅರ್ಜಿಯ ಜತೆ ಒಂದು ಕೆಲಸ ಮಾಡಿ ಕಳಿಸಿ. ನಿಮ್ಮೂರ ಗೋಮಾಳವೋ ಹೊಲವೋ ಯಾವುದಾದರೂ ಬಯಲಿನಲ್ಲಿ ಎರಡು ಕಿಲೋಮೀಟರ್‌ನ ಒಂದೇ ದಾರಿಯಲ್ಲಿ ಬೇರೆ ಬೇರೆ ದಿನ ಬೆಳಿಗ್ಗೆ ನಡೆದು, ಕಂಡ ಪ್ರತಿ ಹಕ್ಕಿಯನ್ನೂ ಬರೆಯಿರಿ. ನಡೆಯುವ ಮುಂಚೆಯೇ ಐದು ಹಕ್ಕಿಗಳ ಹೆಸರು ಬರೆದಿಟ್ಟುಕೊಳ್ಳಿ. ಕಂಡರೆ ಸಂಖ್ಯೆ, ಕಾಣದಿದ್ದರೆ ಸೊನ್ನೆ ಹಾಕಿ, ಆ ಅಂಕಣವನ್ನು ಖಾಲಿ ಬಿಡಬೇಡಿ. ಹೊರಟ ಹೊತ್ತು, ನಿಲ್ಲಿಸಿದ ಹೊತ್ತು, ಗಾಳಿ, ಮೋಡ, ಜತೆಗಿದ್ದವರು ಯಾರು ಎಂಬುದೂ ಇರಲಿ. ದೀಪಾವಳಿಯೊಳಗೆ ತಲುಪಿಸಿ.

ಇಂತಿ ನಿಮ್ಮ,
ಬಳ್ಳಾರಿ ಸೀಮೆಯ ಒಬ್ಬ ಕ್ಷೇತ್ರ ಜೀವಶಾಸ್ತ್ರಜ್ಞೆ
ಜೈಸಲ್ಮೇರ್